ಲೂಥರನ ಪತ್ನಿಯಾದ ಕಥರೀನಳು

ಜರ್ಮನಿಯ ಮತೋದ್ಧಾರಕನಾದ ಮಾರ್ಟಿನ್ ಲೂಥರನ ಹೆಸರನ್ನು ಕೇಳದ ಸಭೆಯು ನಮ್ಮಲ್ಲಿ ಒಂದಾದರೂ ಇರಲಾರದು. ಆತನ ಹೆಂಡತಿಯ ಸಂಗತಿಯಾದರೋ ಅನೇಕರಿಗೆ ತಿಳಿಯದು. ಆದದರಿಂದ ಆಕೆಯ ಚರಿತ್ರೆಯನ್ನೂ, ವಿಶೇಷವಾಗಿ ಆ ದಂಪತಿಗಳು ತಮ್ಮ ವಿವಾಹದ ಒಡಂಬಡಿಕೆಯನ್ನು ಹೊಸದುಮಾಡಿಕೊಂಡ ವಿಧವನ್ನೂ ಈ ಸಾರಿ ವಾಚಕರ ಮುಂದೆ ಇಡುತ್ತೇವೆ.

ಕಥರೀನ ಫಾನ್ ಬೋರಾ ಎಂಬಾಕೆಯು 1499ರಲ್ಲಿ ಸಾಕ್ಸೋನಿ ಸೀಮೆಯ ಬಡ ಕುಲೀನ ಮನೆತನವೊಂದರಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲಿಯೇ ಮಠಕ್ಕೆ ಒಪ್ಪಿಸಲ್ಪಟ್ಟು, 1515ರಲ್ಲಿ ನಿಂಬ್ಷೆನ್ ಮಠದಲ್ಲಿ ಸನ್ಯಾಸಿನಿಯ ಪ್ರತಿಜ್ಞೆಯನ್ನು ಮಾಡಿದಳು. ಕೆಲವು ವರ್ಷಗಳಾದ ಮೇಲೆ ಲೂಥರನ ಬೋಧನೆಯು ಆ ಮಠದೊಳಗೂ ಹೊಕ್ಕಿತು. 1523ರ ಪುನರುತ್ಥಾನದ ಹಬ್ಬದ ರಾತ್ರಿಯಲ್ಲಿ, ಮಠಕ್ಕೆ ಸಾಮಾನು ತಂದುಕೊಡುತ್ತಿದ್ದ ಕೊಪ್ಪೆ ಎಂಬ ವರ್ತಕನ ಬಂಡಿಯಲ್ಲಿ ಹನ್ನೆರಡು ಮಂದಿ ಸನ್ಯಾಸಿನಿಯರು ತಪ್ಪಿಸಿಕೊಂಡು ಹೊರಟರು. ಅವರಲ್ಲಿ ಕಥರೀನಳೂ ಒಬ್ಬಳು. ಅವರು ಮೀನಿನ ಪೀಪಾಯಿಗಳೊಳಗೆ ಅಡಗಿಕೊಂಡು ಬಂದರೆಂದು ಹೇಳುವದುಂಟು. ಅದನ್ನು ನಾವು ಅಷ್ಟಾಗಿ ನಂಬುವದಿಲ್ಲ.

ಹೀಗೆ ವಿಟ್ಟೆನ್‌ಬೆರ್ಗ್ ಪಟ್ಟಣಕ್ಕೆ ಬಂದವಳನ್ನು ಲೂಥರನು 1525ನೇ ಜೂನ್ 13ರ ಸಾಯಂಕಾಲ ಮದುವೆಯಾದನು. ಆತನಿಗೆ 41 ವರುಷ, ಆಕೆಗೆ 26. ಬೋಧಕನಾದ ಬೂಗೆನ್‌ಹಾಗೆನನು ಕೆಲವೇ ಸಾಕ್ಷಿಗಳ ಮುಂದೆ ವಿವಾಹವನ್ನು ನಡಿಸಿದನು. ಹದಿನಾಲ್ಕು ದಿನಗಳ ತರುವಾಯ ಊರೆಲ್ಲಾ ನೋಡುವಂತೆ ಅವರು ಮೆರವಣಿಗೆಯಾಗಿ ದೇವಾಲಯಕ್ಕೆ ಹೋದರು. ಆ ದಿನದ ಔತಣಕ್ಕೆ ಲೂಥರನ ಮುದಿ ತಾಯಿತಂದೆಗಳೂ ಬಂದಿದ್ದರು.

ವಿರೋಧಿಗಳು ಸುಮ್ಮನಿರಲಿಲ್ಲ. ಗಂಡನೂ ಹೆಂಡತಿಯೂ ಮಠದ ಪ್ರತಿಜ್ಞೆಯನ್ನು ಮುರಿದವರಷ್ಟೆ. 1528ರಲ್ಲಿ ಲೈಪ್ಸಿಗಿನ ಇಬ್ಬರು ಪಂಡಿತರು ಕಥರೀನಳನ್ನು ಮಾತು ತಪ್ಪಿದವಳೆಂದು ಹಳಿದು, ಮಠಕ್ಕೆ ಹಿಂದಿರುಗಬೇಕೆಂದು ಬರೆದು ಅಚ್ಚುಹಾಕಿಸಿದರು. ಇಂಥ ನಿಂದೆಗೆ ಬಾಯಿಂದ ಉತ್ತರಕೊಡುವದು ಸುಲಭವಲ್ಲ. ಬಾಳಿ ತೋರಿಸುವ ಹೊರತು ಬೇರೆ ಉಪಾಯವಿಲ್ಲವೆಂದು ನಮಗೆ ತೋರುತ್ತದೆ.

ಅದಕ್ಕೆ ಒಂದು ವರುಷ ಮೊದಲೇ, 1527ನೇ ಜುಲೈ 6ರಲ್ಲಿ, ಲೂಥರನು ತಟ್ಟನೆ ಕಾಯಿಲೆಬಿದ್ದು, ಸತ್ತೇ ಹೋಗುವೆನೆಂದು ನೆನಸಿದನು. ಹಿರೀ ಮಗನಾದ ಹಾನ್ಸನು ಒಂದು ವರುಷದ ಕೂಸು. ಕಥರೀನಳು ಎರಡನೆಯ ಸಾರಿ ಗರ್ಭಿಣಿ. ತನ್ನ ಬಳಿಯಲ್ಲಿ ಬೆಳ್ಳಿಯ ಬಟ್ಟಲುಗಳ ಹೊರತು ಅವಳಿಗೆ ಬಿಟ್ಟುಹೋಗತಕ್ಕದ್ದು ಏನೂ ಇಲ್ಲವೆಂದು ತಿಳಿಸಿ, ಅವಳನ್ನೂ ಮಗುವನ್ನೂ ದೇವರ ಕೈಗೆ ಒಪ್ಪಿಸಿದನು. ಅವಳು ಒಳಗೆ ತಲ್ಲಣಿಸುತ್ತಿದ್ದರೂ ಹೊರಗೆ ಧೈರ್ಯದಿಂದಿದ್ದಳು. ದೇವರ ಚಿತ್ತವು ಹಾಗಿದ್ದರೆ ಆತನು ಕರ್ತನ ಬಳಿಯಲ್ಲಿರುವದೇ ಲೇಸೆಂದೂ, ತನಗೂ ಮಗುವಿಗೂ ಮಾತ್ರವಲ್ಲ, ಅನೇಕ ಭಕ್ತರಿಗೂ ಆತನು ಬೇಕಾದವನೆಂದೂ, ತನ್ನ ವಿಷಯದಲ್ಲಿ ಚಿಂತಿಸಬಾರದೆಂದೂ ಉತ್ತರಕೊಟ್ಟಳು. ಆ ಮಂಚದ ಬಳಿಯಲ್ಲಿ ಅವರು ಪುನಃ ವಿವಾಹವಾದರೆಂದು ಹೇಳಿದರೆ ತಪ್ಪಾಗದು. ಲೂಥರನು ಗುಣಹೊಂದಿದನು.

ಮುಂದೆ ಕಥರೀನಳು ದನಗಳನ್ನೂ ತೋಟವನ್ನೂ ನೋಡಿಕೊಳ್ಳುತ್ತಾ, ಎಷ್ಟೋ ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅಡಿಗೆಮಾಡಿಸುತ್ತಾ, ಆರು ಮಕ್ಕಳನ್ನು ಹೆತ್ತಳು. 1540ರಲ್ಲಿ ಆಕೆಯ ಇಷ್ಟದಂತೆ ಮನೆಗೆ ಕೆತ್ತನೆಯ ಕಲ್ಲುಬಾಗಿಲನ್ನು ಇಡಿಸಿದರು. ಒಂದು ಪಕ್ಕದಲ್ಲಿ ಲೂಥರನ ಮುಖ, ಇನ್ನೊಂದು ಪಕ್ಕದಲ್ಲಿ ಆತನ ಗುಲಾಬಿಯ ಮುದ್ರೆ. ಎರಡು ಕಡೆಗಳಲ್ಲಿಯೂ ಕೂತುಕೊಳ್ಳುವದಕ್ಕೆ ಕಲ್ಲಿನ ಪೀಠಗಳು.

1542ನೇ ಜನವರಿ 6ರಲ್ಲಿ ಲೂಥರನು ತನ್ನ ಮರಣಶಾಸನವನ್ನು ಸ್ವಂತ ಕೈಯಿಂದ ಬರೆದನು. ಆ ಸೀಮೆಯ ಕಾನೂನು ವಿಧವೆಗೆ ಬಹು ಸ್ವಲ್ಪವನ್ನೇ ಕೊಟ್ಟು, ಅವಳ ಮೇಲೆ ಪಾಲಕರನ್ನು ನೇಮಿಸುತ್ತಿತ್ತು. ಲೂಥರನಾದರೋ ವಕೀಲರನ್ನು ಬದಿಗಿಟ್ಟು, ತ್ಸುಲ್ಸ್‌ಡೋರ್ಫ್ ಎಂಬ ಜಮೀನನ್ನೂ, ಒಂದು ಮನೆಯನ್ನೂ, ಸುಮಾರು 1,000 ಗುಲ್ಡನ್ ಬೆಲೆಯ ಬಟ್ಟಲುಗಳನ್ನೂ ಆಭರಣಗಳನ್ನೂ ಹೆಂಡತಿಗೇ ಬರೆದುಕೊಟ್ಟನು. ಅವಳು ಯಾವಾಗಲೂ ತನ್ನನ್ನು ಪ್ರೀತಿಸಿದ ನಂಬಿಗಸ್ತಳಾದ ಪತ್ನಿಯೆಂಬದನ್ನು ಮೊದಲನೆಯ ಕಾರಣವಾಗಿ ಎಣಿಸಿದನು. ಅವಳು ಮಕ್ಕಳ ಕೈಯನ್ನು ನೋಡಬಾರದು, ಮಕ್ಕಳೇ ಅವಳ ಕೈಯನ್ನು ನೋಡಬೇಕೆಂಬದೂ ಆತನ ಇಷ್ಟವಾಗಿತ್ತು. ಮೆಲಾಂಕ್ತೋನನೂ ಇನ್ನಿಬ್ಬರು ಸ್ನೇಹಿತರೂ ಸಾಕ್ಷಿ ಹಾಕಿದರು. ನಮ್ಮ ಹಳ್ಳಿಗಳಲ್ಲಿ ವಿಧವೆಯರು ದಾಯಾದಿಗಳ ಬಾಗಿಲಲ್ಲಿ ನಿಲ್ಲುವದನ್ನು ಕಂಡಿರುವ ವಾಚಕರಿಗೆ ಈ ಕಾಗದದ ಬೆಲೆಯು ತಿಳಿಯುವದು.

1546ನೇ ಫೆಬ್ರವರಿ 18ರಲ್ಲಿ ಲೂಥರನು ತೀರಿಹೋದನು. ಅರಸನ ಮಂತ್ರಿಯಾದ ಬ್ರೂಕನು ಆ ಶಾಸನಕ್ಕೆ ಅಡ್ಡಬಂದನು. ಅರಸನಾದ ಯೋಹಾನ್ ಫ್ರೆಡರಿಕನು ಪಾಲಕರನ್ನು ನೇಮಿಸಿದರೂ ಶಾಸನವನ್ನು ಸ್ಥಿರಪಡಿಸಿದನು. ಅಷ್ಟರಲ್ಲಿ ಯುದ್ಧವೆದ್ದಿತು. ಕಥರೀನಳು ಮಕ್ಕಳೊಂದಿಗೆ ಓಡಿಹೋಗಬೇಕಾಯಿತು. ತಿರಿಗಿ ಬರುವಾಗ ಜಮೀನು ಹಾಳಾಗಿತ್ತು. 1552ರಲ್ಲಿ ಮಾರಿಯ ಭಯದಿಂದ ತೋರ್ಗೌ ಪಟ್ಟಣಕ್ಕೆ ಹೊರಟಿರಲಾಗಿ ದಾರಿಯಲ್ಲಿ ಕುದುರೆಗಳು ಬೆದರಿದವು. ಬಂಡಿಯಿಂದ ಬಿದ್ದು ನೊಂದ ಆಕೆಯು ಡಿಸೆಂಬರ್ 20ರಲ್ಲಿ ತೋರ್ಗೌವಿನಲ್ಲಿಯೇ ನಿದ್ರೆಹೋದಳು. ಆಕೆಯ ಸಮಾಧಿಯು ಆ ಊರಿನ ದೇವಾಲಯದಲ್ಲಿದೆ, ಗಂಡನದು ವಿಟ್ಟೆನ್‌ಬೆರ್ಗಿನಲ್ಲಿದೆ. ಎರಡು ಪೀಠಗಳ ಆ ಕಲ್ಲುಬಾಗಿಲು ಅವರ ಮನೆಗೆ ಈಗಲೂ ಇದೆ.