ಫ್ಲಾರೆನ್ಸ್ ನೈಟಿಂಗೇಲ್: ಅಂಕಿ-ಅಂಶಗಳಿಗೆ ಚಿತ್ರರೂಪ ನೀಡಿದ ಮಹಿಳೆ

ಆಧುನಿಕ ಶುಶ್ರೂಷಾ ವೃತ್ತಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಕ್ರಿಮಿಯಾ ಯುದ್ಧದ ಸಂದರ್ಭದಲ್ಲಿ, 1854ರ ನವೆಂಬರ್‌ನಲ್ಲಿ, 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಯನ್ನು ತಲುಪಿದರು. ಅಲ್ಲಿನ ಸೇವೆಗಾಗಿ ಅವರು ದೀಪ ಹಿಡಿದ ಮಹಿಳೆ ಎಂದು ಲೋಕಪ್ರಸಿದ್ಧರಾದರು. ಅವರು ಸಂಖ್ಯಾಶಾಸ್ತ್ರಕ್ಕೆ ಸಲ್ಲಿಸಿದ ಸೇವೆಯೂ ಅಷ್ಟೇ ಮಹತ್ವದ್ದಾಗಿದೆ.

ಆ ಯುದ್ಧದಲ್ಲಿ ಸೈನಿಕರ ಪ್ರಾಣಹಾನಿಗೆ ಮುಖ್ಯ ಕಾರಣ ಶತ್ರುವಿನ ಗುಂಡಾಗಿರಲಿಲ್ಲ. 1855ರ ಜನವರಿ ತಿಂಗಳೊಂದರಲ್ಲಿಯೇ ಗಾಯಗಳಿಂದ 83 ಮಂದಿ ಮೃತಪಟ್ಟರೆ, ತಡೆಗಟ್ಟಬಹುದಾಗಿದ್ದ ಕಾಯಿಲೆಗಳಿಂದ 2,761 ಮಂದಿ ಮೃತಪಟ್ಟಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗವು ಆಗಮಿಸಿ ಚರಂಡಿ, ನೀರು ಹಾಗೂ ಗಾಳಿಯ ವ್ಯವಸ್ಥೆಯನ್ನು ಸುಧಾರಿಸಿದ ನಂತರ ಮರಣ ಪ್ರಮಾಣವು ಗಣನೀಯವಾಗಿ ಇಳಿಯಿತು.

ಸೇನೆಯಲ್ಲಿ ಈ ಸುಧಾರಣೆ ಶಾಶ್ವತವಾಗಬೇಕಾದರೆ ಅಧಿಕಾರದಲ್ಲಿದ್ದವರಿಗೆ ಮನವರಿಕೆ ಮಾಡುವುದು ಅಗತ್ಯವಾಗಿತ್ತು. ಅಂಕಿಗಳ ಉದ್ದನೆಯ ಕೋಷ್ಟಕಗಳನ್ನು ಅವರು ಓದಲಾರರೆಂಬುದನ್ನು ಅರಿತ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ 1858ರಲ್ಲಿ ವರ್ಣ ರೇಖಾಚಿತ್ರಗಳನ್ನು ಪ್ರಕಟಿಸಿದರು. ವೃತ್ತಾಕಾರದ ಚಿತ್ರದಲ್ಲಿ 12 ತಿಂಗಳುಗಳಿಗೆ 12 ಭಾಗಗಳಿದ್ದವು. ತಡೆಗಟ್ಟಬಹುದಾದ ಕಾಯಿಲೆಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಇತರೆ ಕಾರಣಗಳಿಗೆ ಕಪ್ಪು ಬಣ್ಣವನ್ನು ನೀಡಲಾಗಿತ್ತು. ಹಿಗ್ಗಿದ ನೀಲಿ ಭಾಗಗಳೂ, ಪಕ್ಕದ ಎರಡನೇ ವರ್ಷದ ಚಿತ್ರದಲ್ಲಿ ಅವು ಕುಗ್ಗಿರುವುದೂ ಒಂದೇ ನೋಟಕ್ಕೆ ವಿಷಯವನ್ನು ಸ್ಪಷ್ಟಪಡಿಸುತ್ತಿದ್ದವು.

ಅವರು ಮೊದಲು ರಚಿಸಿದ ಚಿತ್ರದಲ್ಲಿ ಮರಣ ಪ್ರಮಾಣವನ್ನು ಕೇಂದ್ರದಿಂದ ಅಳೆದ ಉದ್ದದ ಮೂಲಕ ಸೂಚಿಸಲಾಗಿತ್ತು. ನೋಡುವವರ ಕಣ್ಣು ಉದ್ದಕ್ಕಿಂತ ವಿಸ್ತೀರ್ಣವನ್ನೇ ಗ್ರಹಿಸುವುದರಿಂದ, ಎರಡು ಪಟ್ಟಿನ ವ್ಯತ್ಯಾಸವು ನಾಲ್ಕು ಪಟ್ಟಿನಂತೆ ತೋರುವ ಸಾಧ್ಯತೆಯಿತ್ತು. ಆ ದೋಷವು ತಮ್ಮ ವಾದಕ್ಕೆ ಅನುಕೂಲವಾಗಿದ್ದರೂ ಅವರು ಅದನ್ನು ಉಳಿಸಿಕೊಳ್ಳದೆ, ವಿಸ್ತೀರ್ಣವೇ ಮರಣ ಪ್ರಮಾಣಕ್ಕೆ ಅನುಗುಣವಾಗಿರುವಂತೆ ಚಿತ್ರವನ್ನು ಪುನಃ ರಚಿಸಿದರು. ಮನಸ್ಸಿಗೆ ನಾಟುವ ಚಿತ್ರವು ಸತ್ಯಕ್ಕೂ ನಿಷ್ಠವಾಗಿರಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

ನೈಟಿಂಗೇಲ್ ಅವರು ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯರಾಗಿ ಆಯ್ಕೆಯಾದರು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ತರಬೇತಿ ಶಾಲೆ ಆರಂಭವಾಯಿತು. 1910ರ ಆಗಸ್ಟ್ 13ರಂದು ಅವರು ನಿಧನರಾದರು.

ಸ್ಕುಟಾರಿಯಲ್ಲಿ ಮರಣದ ದಾಖಲೆಗಳು ಏಕರೂಪವಾಗಿರಲಿಲ್ಲ. ಈ ಕೊರತೆಯನ್ನು ಕಂಡಿದ್ದ ಅವರು ಆಸ್ಪತ್ರೆಗಳಿಗೆ ಏಕರೂಪದ ನಮೂನೆಗಳನ್ನು ಸಿದ್ಧಪಡಿಸಿದರು. ದಾಖಲೆ ಸರಿಯಿಲ್ಲದಿದ್ದಲ್ಲಿ ಎಂತಹ ಚಿತ್ರವೂ ಸತ್ಯವನ್ನು ತೋರಿಸಲಾರದು. ಮರಣ ನೋಂದಣಿಯ ನಮೂನೆಯಲ್ಲಿ ಮರಣದ ಕಾರಣವನ್ನು ಸರಿಯಾಗಿ ನಮೂದಿಸುವಂತೆ ಸಾರ್ವಜನಿಕರನ್ನು ಕೋರುವುದರ ಹಿಂದೆಯೂ ಇದೇ ಉದ್ದೇಶವಿದೆ.