ಸಾವಳಗಿಯ ವಕೀಲರು ಬಿ.ಡಿ. ಜತ್ತಿ

ನಮ್ಮ ಕಡೆ ಬಿ.ಡಿ. ಜತ್ತಿಯವರ ಹೆಸರು ಕೇಳದವರು ಯಾರೂ ಇಲ್ಲ. ಮುಖ್ಯಮಂತ್ರಿ ಆಗಿದ್ದರು, ಉಪರಾಷ್ಟ್ರಪತಿ ಆಗಿದ್ದರು ಎಂದು ಸಾಮಾನ್ಯ ಜ್ಞಾನದ ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿದವರೇ. ಆದರೆ ಅವರು ಒಂದು ಕಾಗದಕ್ಕೆ ಸಹಿ ಮಾಡಲು ಒಂದು ದಿನ ತಡಮಾಡಿದ್ದರಿಂದ ದೆಹಲಿಯ ಸರ್ಕಾರವೇ ಗಾಬರಿಯಾಗಿತ್ತು ಎಂಬುದು ನನಗೆ ಈ ವರ್ಷದವರೆಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಅವರ ಜೀವನವನ್ನು ಪೂರ್ತಿ ತಿಳಿದುಕೊಳ್ಳಬೇಕು ಎನಿಸಿತು.

ಬಸಪ್ಪ ದಾನಪ್ಪ ಜತ್ತಿಯವರು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಹುಟ್ಟಿದರು. ಆಗ ನಮ್ಮ ಊರುಗಳು ಒಂದೇ ಆಳ್ವಿಕೆಯಲ್ಲಿ ಇರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ರಬಕವಿ ಸಾಂಗಲಿ ಸಂಸ್ಥಾನದ್ದು, ಪಕ್ಕದ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಈಗ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಆಗ ಅಲ್ಲಿನ ಇಬ್ಬರು ನೇಕಾರರಿಗೆ ಇಬ್ಬರು ರಾಜರು.

ಜತ್ತಿಯವರು ಜಮಖಂಡಿಯಲ್ಲಿ ಹೈಸ್ಕೂಲು ಮುಗಿಸಿ ಕೊಲ್ಹಾಪುರಕ್ಕೆ ಹೋದರು. ಅಲ್ಲಿ ರಾಜಾರಾಮ ಕಾಲೇಜಿನಲ್ಲಿ ಪದವಿ, ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಓದಿದರು. ತಿರುಗಿ ಬಂದು ಜಮಖಂಡಿಯಲ್ಲೇ ವಕೀಲಿ ಹಿಡಿದರು. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ನಂತರ ಸಂಸ್ಥಾನದ ಶಾಸನ ಸಭೆ, ಆಮೇಲೆ ಮಂತ್ರಿಗಿರಿ. 1948ರಲ್ಲಿ ಸಂಸ್ಥಾನದ ದಿವಾನರೇ ಆದರು.

ಆದರೆ ಆ ದಿವಾನಗಿರಿ ಬಹಳ ದಿನ ಉಳಿಯುವಂಥದ್ದಾಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸಣ್ಣ ಸಂಸ್ಥಾನಗಳು ಒಂದೊಂದಾಗಿ ಸೇರಿಕೊಳ್ಳುತ್ತಿದ್ದವು. ಮಹಾರಾಜ ಶಂಕರರಾವ್ ಪಟವರ್ಧನರ ಜೊತೆ ಮನಸ್ತಾಪ ಮಾಡಿಕೊಳ್ಳದೆ ಜತ್ತಿಯವರು ಆ ಕೆಲಸ ನಡೆಸಿಕೊಟ್ಟರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದಲ್ಲಿ ಸೇರಿತು. ಸಂಸ್ಥಾನವೇ ಇಲ್ಲವಾದ ಮೇಲೆ ದಿವಾನರೆಲ್ಲಿ? ಜತ್ತಿಯವರು ಮತ್ತೆ ಕಪ್ಪು ಕೋಟು ಹಾಕಿಕೊಂಡು 20 ತಿಂಗಳು ವಕೀಲಿ ಮಾಡಿದರು. ನನಗೆ ಅವರ ಜೀವನದಲ್ಲಿ ಬಹಳ ಇಷ್ಟವಾದದ್ದು ಈ 20 ತಿಂಗಳು. ನಿನ್ನೆ ದಿವಾನರಾಗಿದ್ದವರು ಇವತ್ತು ಅದೇ ಊರಿನಲ್ಲಿ ಪಕ್ಷಗಾರರ ಕಾಗದ ಹಿಡಿದು ನಿಲ್ಲಬೇಕೆಂದರೆ ಎಲ್ಲರಿಂದ ಆಗುವುದಿಲ್ಲ.

ಆಮೇಲೆ ಮುಂಬಯಿ ವಿಧಾನಸಭೆಗೆ ಹೋದರು. ಬಿ.ಜಿ. ಖೇರ್ ಅವರಿಗೆ ಸಂಸದೀಯ ಕಾರ್ಯದರ್ಶಿ ಆದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಮೊರಾರ್ಜಿಯವರ ಹೆಸರು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಒಂದೂವರೆ ವರ್ಷದಲ್ಲೇ, 1958ರ ಮೇ 16ರಂದು, ಮುಂಬಯಿಯಿಂದ ಬಂದ ಈ ಗಡಿಯ ವಕೀಲರು ರಾಜ್ಯದ ಮುಖ್ಯಮಂತ್ರಿಯಾದರು. 1962ರ ಮಾರ್ಚ್‌ವರೆಗೆ ಇದ್ದರು. ಅದಕ್ಕೂ ಮೊದಲು ಗೇಣಿ ಕಾನೂನು ಹೇಗಿರಬೇಕು ಎಂದು ನೋಡುವ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಅವರ ಕಾಲದಲ್ಲೇ, 1961ರಲ್ಲಿ, ಭೂಸುಧಾರಣಾ ಕಾನೂನು ಆಯಿತು. ಆದರೆ ಅದು ಜಾರಿಗೆ ಬಂದದ್ದು 1965ರಲ್ಲಿ. ಮಾಲೀಕರು ಜಮೀನು ತಿರುಗಿ ಪಡೆಯಲು ದಾರಿಗಳೂ ಅದರಲ್ಲಿ ಉಳಿದಿದ್ದವು. ಉಳುವವನಿಗೆ ಹೊಲ ನಿಜವಾಗಿ ಸಿಕ್ಕಿದ್ದು 1974ರಲ್ಲಿ ದೇವರಾಜ ಅರಸರು ಕಾನೂನು ತಿದ್ದಿದ ಮೇಲೆ ಎಂದೇ ಹೇಳಬೇಕು. ಜತ್ತಿಯವರು ನಮ್ಮವರು ಎಂದು ಇದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ.

ಮುಖ್ಯಮಂತ್ರಿ ಸ್ಥಾನ ಹೋದ ಮೇಲೆ ಅವರು ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾದರು. ಮತ್ತೆ ಒಂದು ಮೆಟ್ಟಿಲು ಕೆಳಗೆ ಇಳಿದು ಕೆಲಸ! 1964ರಲ್ಲಿ ಬಸವ ಸಮಿತಿ ಸ್ಥಾಪಿಸಿದರು. 1968ರಲ್ಲಿ ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾಕ್ಕೆ ರಾಜ್ಯಪಾಲ. 1973ರ ಮಾರ್ಚ್‌ನಲ್ಲಿ ಅಲ್ಲಿ ನಂದಿನಿ ಸತ್ಪಥಿಯವರ ಸರ್ಕಾರ ಬಿತ್ತು. ಬಿಜು ಪಟ್ನಾಯಕ್ ಅವರ ಕಡೆಯವರು ತಮಗೆ ಬಹುಮತ ಇದೆ ಎಂದರು. ಜತ್ತಿಯವರು ಅವರನ್ನು ಕರೆಯಲಿಲ್ಲ, ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಮರುವರ್ಷ, 1974ರಲ್ಲಿ, ಅವರು ಉಪರಾಷ್ಟ್ರಪತಿಯಾದರು.

ಇನ್ನು ಆ ಸಹಿಯ ವಿಷಯ. ಕಾಮರ್ಸ್ ಓದುವ ನಮಗೆ ಸಹಿಯ ಬೆಲೆ ಗೊತ್ತು. ಚೆಕ್ಕಿನ ಮೇಲೆ ಎಷ್ಟು ಸೊನ್ನೆ ಬರೆದರೂ ಕೆಳಗೆ ಸಹಿ ಇಲ್ಲದಿದ್ದರೆ ಬ್ಯಾಂಕಿನವರು ತಿರುಗಿ ಕೊಡುತ್ತಾರೆ. ದೇಶದ ದೊಡ್ಡ ಕಾಗದಗಳೂ ಹಾಗೆಯೇ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಕಾಗದ ಬಂದಾಗ, ಮಂತ್ರಿಮಂಡಲ ಇನ್ನೂ ಒಪ್ಪಿಗೆ ಕೊಡದಿದ್ದರೂ, ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಅದೇ ರಾತ್ರಿ ಸಹಿ ಮಾಡಿದರು. 1977ರ ಫೆಬ್ರುವರಿ 11ರಂದು ಅವರು ತೀರಿಕೊಂಡರು. ಉಪರಾಷ್ಟ್ರಪತಿ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು.

ಮಾರ್ಚ್ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ತೆಗೆದ ಕಾಗದಕ್ಕೆ ಬಿದ್ದದ್ದು ಜತ್ತಿಯವರ ಸಹಿ. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆ ಪ್ರಧಾನಿ ಮೊರಾರ್ಜಿ ದೇಸಾಯಿ. ಇಪ್ಪತ್ತೈದು ವರ್ಷಗಳ ಹಿಂದೆ ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಅವರೇ.

ಹೊಸ ಸರ್ಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ, ಒರಿಸ್ಸಾ ಇತ್ತು. ಲೋಕಸಭೆಯಲ್ಲಿ ಜನ ಕಾಂಗ್ರೆಸ್ಸನ್ನು ಬೇಡ ಎಂದ ಮೇಲೆ ರಾಜ್ಯದಲ್ಲೂ ಅದು ಇರಬಾರದು ಎಂಬುದು ಸರ್ಕಾರದ ವಾದ. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ರಂದು ಏಳು ನ್ಯಾಯಾಧೀಶರ ಪೀಠ ಅರ್ಜಿಗಳನ್ನು ತಳ್ಳಿಹಾಕಿತು. ಕಾಗದ ಜತ್ತಿಯವರ ಮುಂದೆ ಬಂತು. ಅವರು ಸಹಿ ಮಾಡಲಿಲ್ಲ.

ಕಾನೂನು ಅವರ ಕೈ ಕಟ್ಟಿತ್ತು. 1976ರ 42ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು. ವಕೀಲರಾದ ಅವರಿಗೆ ಇದು ಗೊತ್ತಿಲ್ಲದೆ ಏನಲ್ಲ. ಜನ ಆರಿಸಿದ ಒಂಬತ್ತು ಸಭೆಗಳನ್ನು ಒಂದೇ ಏಟಿಗೆ ತೆಗೆಯುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ. ಸರ್ಕಾರದಿಂದ ಒತ್ತಡ ಬಂತು. ಜತ್ತಿಯವರು ಹಳೆಯ ಪಕ್ಷವನ್ನು ಕಾಯುತ್ತಿದ್ದಾರೆ ಎಂಬ ಟೀಕೆಯೂ ಬಂತು. ಮರುದಿನ, ಏಪ್ರಿಲ್ 30ರಂದು, ಸಹಿ ಮಾಡಿದರು.

ಒರಿಸ್ಸಾದಲ್ಲಿ 1973ರಲ್ಲಿ ಮಾಡಿದ್ದನ್ನು ನೆನೆಸಿದರೆ ಟೀಕೆಯಲ್ಲಿ ಸ್ವಲ್ಪ ನಿಜ ಇತ್ತೇನೋ ಎಂದು ನನಗೂ ಅನಿಸುತ್ತದೆ. ಆಗ ಅವರ ನಿರ್ಧಾರದಿಂದ ಲಾಭವಾದದ್ದು ಕಾಂಗ್ರೆಸ್ಸಿಗೆ, ಈಗ ತಡಮಾಡಿದ್ದರಿಂದ ಲಾಭವಾಗಬಹುದಾಗಿದ್ದೂ ಕಾಂಗ್ರೆಸ್ಸಿಗೇ. ಆದರೂ 1975ರ ಆ ಒಂದು ರಾತ್ರಿಯ ಪಕ್ಕದಲ್ಲಿ ಇಟ್ಟು ನೋಡಿದರೆ, ಕಾಗದ ಓದಿ ಒಂದು ದಿನ ಯೋಚಿಸಿದವರು ನನಗೆ ದೊಡ್ಡವರಾಗಿ ಕಾಣುತ್ತಾರೆ. ಮರುವರ್ಷ, 1978ರಲ್ಲಿ, ಅದೇ ಜನತಾ ಸರ್ಕಾರ 44ನೇ ತಿದ್ದುಪಡಿ ತಂದಿತು. ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ತಿರುಗಿ ಕಳಿಸುವ ಅಧಿಕಾರ ಅದರಿಂದ ರಾಷ್ಟ್ರಪತಿಗೆ ಬಂತು. ಜತ್ತಿಯವರಿಗೆ ಆ ದಿನ ಈ ಅಧಿಕಾರ ಇರಲಿಲ್ಲ.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯ ಕುರ್ಚಿಗೆ ಬಂದು 1979ರ ಆಗಸ್ಟ್‌ವರೆಗೆ ಅವಧಿ ಮುಗಿಸಿದರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ. ಅವರು ಕಟ್ಟಿದ ಬಸವ ಸಮಿತಿ ಮುಂದೆ ಶರಣರ ವಚನಗಳನ್ನು ಹಲವು ಭಾಷೆಗಳಿಗೆ ಅನುವಾದ ಮಾಡಿಸಿತು. ಅದರಲ್ಲಿ ಉರ್ದು ಕೂಡ ಇದೆ. ಕನ್ನಡ ಓದಲು ಬಾರದ ನಮ್ಮ ದಾದಿಗೆ ಆ ಪುಸ್ತಕ ತಂದು ಕೊಡಬೇಕು ಎಂದುಕೊಂಡಿದ್ದೇನೆ.