ವಿಕ್ರಂ ಸಾರಾಭಾಯಿ: ಪೀಣ್ಯದ ಶೆಡ್ಡಿನಿಂದ ಕಡಲ ತೀರದವರೆಗೆ

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹರೆಂದು ಹೆಸರಾದ ಡಾ. ವಿಕ್ರಂ ಸಾರಾಭಾಯಿ ಅವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಶ್ರೀಮಾಲಿ ಜೈನ ಮನೆತನದಲ್ಲಿ ಜನಿಸಿದರು. ಬದುಕಿದ್ದು 52 ವರ್ಷ ಮಾತ್ರ. ಅವರು ತೀರಿಕೊಂಡಾಗ ಭಾರತದ್ದೆಂದು ಹೇಳಿಕೊಳ್ಳುವ ಒಂದೇ ಒಂದು ಉಪಗ್ರಹವೂ ಆಕಾಶದಲ್ಲಿ ಇರಲಿಲ್ಲ. ಇಂದು ನಮ್ಮ ಉಪಗ್ರಹಗಳು ಕಾಡು, ಕೆರೆ, ಅಳಿವೆ, ಕಡಲ ತೀರಗಳ ಸ್ಥಿತಿಗತಿಯನ್ನು ಬಿಡದೆ ಗಮನಿಸುತ್ತಿವೆ. ಈ ಕೆಲಸಕ್ಕೆ ದಾರಿ ಮಾಡಿಕೊಟ್ಟವರು ಸಾರಾಭಾಯಿ. ಆ ದಾರಿಯಲ್ಲಿ ದೇಶದ ಮೊದಲ ಉಪಗ್ರಹ ರೂಪುಗೊಂಡದ್ದು ನಮ್ಮ ಬೆಂಗಳೂರಿನ ಪೀಣ್ಯದಲ್ಲಿ.

ಮನೆತನ ಮತ್ತು ವಿದ್ಯಾಭ್ಯಾಸ

ತಂದೆ ಅಂಬಾಲಾಲ್ ಸಾರಾಭಾಯಿ ಅವರು ಕ್ಯಾಲಿಕೋ ಬಟ್ಟೆ ಗಿರಣಿಯ ಒಡೆಯರು. ತಾಯಿ ಸರಳಾದೇವಿ. ಎಂಟು ಮಂದಿ ಮಕ್ಕಳಿಗೂ ಮನೆಯಲ್ಲೇ ಶಾಲೆ ನಡೆಯುತ್ತಿತ್ತು. ಸಿರಿವಂತಿಕೆಯ ಜೊತೆಗೆ ಸಾರ್ವಜನಿಕ ಕಾಳಜಿಯೂ ಆ ಮನೆಯಲ್ಲಿತ್ತು. ಗಾಂಧೀಜಿಯವರು 1915ರಲ್ಲಿ ದಲಿತ ಕುಟುಂಬವೊಂದನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳು ಹಿಂದೆ ಸರಿದರು. ಆಗ ಹೆಸರು ಹೇಳದೆ ಹಣ ಕೊಟ್ಟು ಆಶ್ರಮವನ್ನು ಉಳಿಸಿದವರು ಅಂಬಾಲಾಲರು. 1918ರ ಗಿರಣಿ ಮುಷ್ಕರದಲ್ಲಿ ಅದೇ ಅಂಬಾಲಾಲರು ಮಾಲೀಕರ ಪರ ನಿಂತರೆ, ಅವರ ಸೋದರಿ ಅನಸೂಯಾ ಸಾರಾಭಾಯಿ ಕಾರ್ಮಿಕರ ಪರ ನಿಂತರು. ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟಗಾರ್ತಿ. ಇಂಥ ಮನೆಯಲ್ಲಿ ವಿಕ್ರಂ ಬೆಳೆದರು.

ಅಹಮದಾಬಾದಿನ ಗುಜರಾತ್ ಕಾಲೇಜಿನ ನಂತರ ಅವರು ಕೇಂಬ್ರಿಡ್ಜಿಗೆ ತೆರಳಿ 1940ರಲ್ಲಿ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾರಣ ತಾಯ್ನಾಡಿಗೆ ಮರಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಹೋಮಿ ಭಾಭಾ ಅವರ ಒಡನಾಟ ದೊರೆತದ್ದೂ ಇಲ್ಲಿಯೇ. 1942ರಲ್ಲಿ ಖ್ಯಾತ ಭರತನಾಟ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರನ್ನು ವಿವಾಹವಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜಿಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು.

ಅದೇ ವರ್ಷದ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಆಗ ಅವರಿಗೆ 28 ವರ್ಷ. ಮುಂದೆ ಬಟ್ಟೆ ಉದ್ಯಮದ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಐಐಎಂ, ಸಮುದಾಯ ವಿಜ್ಞಾನ ಕೇಂದ್ರ ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ಕಟ್ಟುವುದರಲ್ಲಿ ಅವರ ಪಾತ್ರ ದೊಡ್ಡದು.

ತುಂಬಾದ ಮೀನುಗಾರರು ಬಿಟ್ಟುಕೊಟ್ಟ ನೆಲ

1962ರಲ್ಲಿ ಸರ್ಕಾರವು ಬಾಹ್ಯಾಕಾಶ ಸಂಶೋಧನೆಗಾಗಿ ಸಮಿತಿಯೊಂದನ್ನು ರಚಿಸಿ ಸಾರಾಭಾಯಿ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ತುಂಬಾ ಎಂಬ ಹಳ್ಳಿಯನ್ನು ಆರಿಸಲಾಯಿತು. ಭೂಮಿಯ ಕಾಂತೀಯ ಸಮಭಾಜಕ ವೃತ್ತ ಅದರ ಹತ್ತಿರವೇ ಹಾದುಹೋಗುತ್ತದೆ. ಮೇಲಿನ ವಾತಾವರಣವನ್ನು ಅಭ್ಯಾಸ ಮಾಡಲು ಅದು ಹೇಳಿ ಮಾಡಿಸಿದ ಸ್ಥಳ. ಅಲ್ಲಿ ವಾಸವಿದ್ದವರು ಬಡ ಮೀನುಗಾರರು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಸಮ್ಮತಿಯಿಂದ ಆ ಜನ ತಮ್ಮ ಚರ್ಚನ್ನೂ ಮನೆಗಳನ್ನೂ ವಿಜ್ಞಾನಕ್ಕೆ ಬಿಟ್ಟುಕೊಟ್ಟು ಬೇರೆಡೆಗೆ ತೆರಳಿದರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು.

ಬಡ ದೇಶಕ್ಕೆ ಬಾಹ್ಯಾಕಾಶ ಏಕೆ ಬೇಕೆಂದು ಆಗ ಅನೇಕರು ಕೇಳುತ್ತಿದ್ದರು. ಇತರ ದೇಶಗಳೊಡನೆ ಚಂದ್ರನಿಗೆ ಪೈಪೋಟಿ ನಡೆಸುವುದು ಸಾರಾಭಾಯಿ ಅವರ ಗುರಿಯಾಗಿರಲಿಲ್ಲ. ಹಳ್ಳಿಯ ಶಿಕ್ಷಣ, ಹವಾಮಾನ ಮುನ್ಸೂಚನೆ, ನೆಲ ಜಲಗಳ ಸಮೀಕ್ಷೆ ಮುಂತಾದ ಜನೋಪಯೋಗಿ ಕೆಲಸಗಳೇ ಅವರ ಲೆಕ್ಕದಲ್ಲಿ ಮುಖ್ಯವಾಗಿದ್ದವು. ಭಾಭಾ ಅವರ ಅಕಾಲ ಮರಣದ ನಂತರ 1966ರಲ್ಲಿ ಅಣುಶಕ್ತಿ ಆಯೋಗದ ಹೊಣೆ ಹೊತ್ತಾಗಲೂ ಅವರು ಅಣುಬಾಂಬಿನ ಕಡೆಗೆ ಒಲವು ತೋರಲಿಲ್ಲ. 1969ರ ಆಗಸ್ಟ್ 15ರಂದು ಅವರ ನೇತೃತ್ವದಲ್ಲಿ ಇಸ್ರೋ ಸ್ಥಾಪನೆಯಾಯಿತು.

ತೆಂಗಿನ ತೋಟದ ಪ್ರಯೋಗ

ಆಕಾಶದಿಂದ ಪರಿಸರವನ್ನು ಪರೀಕ್ಷಿಸುವ ವಿದ್ಯೆಗೆ ದೂರಸಂವೇದಿ ಎಂದು ಹೆಸರು. ನಮ್ಮ ದೇಶದಲ್ಲಿ ಅದು ತೊಡಗಿದ್ದು ತೆಂಗಿನ ತೋಟದಿಂದ. ಕೇರಳದ ಕರಾವಳಿಯಲ್ಲಿ ತೆಂಗಿಗೆ ಬೇರು ಸೊರಗು ರೋಗ ತಗುಲಿತ್ತು. 1970ರ ಸುಮಾರಿಗೆ, ಸಾರಾಭಾಯಿ ಅವರ ಪ್ರೋತ್ಸಾಹದಿಂದ ವಿಜ್ಞಾನಿ ಪಿ.ಆರ್. ಪಿಶಾರಟಿ ಮತ್ತು ಸಂಗಡಿಗರು ಹೆಲಿಕಾಪ್ಟರಿನಲ್ಲಿ ಹಾರಿ ತೋಟಗಳ ಮೇಲಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದರು.

ಆರೋಗ್ಯವಂತ ಎಲೆಯು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೇರಳವಾಗಿ ಹಿಮ್ಮರಳಿಸುತ್ತದೆ. ಸೊರಗಿದ ಎಲೆ ಕಡಿಮೆ ಹಿಮ್ಮರಳಿಸುತ್ತದೆ. ಹೀಗಾಗಿ ರೋಗದ ಮರಗಳು ಚಿತ್ರದಲ್ಲಿ ಬೇರೆಯಾಗಿಯೇ ಕಂಡವು. ನೀರು ಈ ಬೆಳಕನ್ನು ಹೀರಿಕೊಳ್ಳುವುದರಿಂದ ನೆಲ ಮತ್ತು ನೀರಿನ ನಡುವಿನ ಗೆರೆಯೂ ಸ್ಪಷ್ಟವಾಗಿ ಕಾಣುತ್ತದೆ. ಕಡಲ್ಕೊರೆತವನ್ನು ಅಳೆಯಲು, ಕಾಂಡ್ಲಾ ಕಾಡಿನ ವಿಸ್ತಾರವನ್ನು ಗುರುತಿಸಲು ಇಂದಿಗೂ ಈ ತತ್ತ್ವವೇ ಆಧಾರ.

ಪೀಣ್ಯದ ನಾಲ್ಕು ಶೆಡ್ಡುಗಳು

1971ರ ಡಿಸೆಂಬರ್ 30ರಂದು ತುಂಬಾಕ್ಕೆ ಸಮೀಪದ ಕೋವಳಂ ಕಡಲ ತೀರದಲ್ಲಿ ತಂಗಿದ್ದಾಗ ಸಾರಾಭಾಯಿ ಅವರು ಹಠಾತ್ತನೆ ನಿಧನರಾದರು. ಉಪಗ್ರಹ ನಿರ್ಮಾಣದ ಹೊಣೆಯನ್ನು ಅವರು ತಮ್ಮ ಶಿಷ್ಯ ಪ್ರೊ. ಯು.ಆರ್. ರಾವ್ ಅವರಿಗೆ ಮೊದಲೇ ವಹಿಸಿದ್ದರು. ರಾವ್ ಅವರು ಉಡುಪಿ ಜಿಲ್ಲೆಯ ಅದಮಾರಿನವರು, ನಮ್ಮ ಕರಾವಳಿಯ ಮಗ.

1972ರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ನಾಲ್ಕು ಶೆಡ್ಡುಗಳಲ್ಲಿ ಕೆಲಸ ಶುರುವಾಯಿತು. ಸುತ್ತ ಲೇತ್ ಯಂತ್ರಗಳ ಸದ್ದು. ಆ ಮೊದಲು ಉಪಗ್ರಹ ಕಟ್ಟಿದ ಅನುಭವ ತಂಡದಲ್ಲಿ ಯಾರಿಗೂ ಇರಲಿಲ್ಲ. ಮೂರೇ ವರ್ಷದಲ್ಲಿ 360 ಕಿಲೋ ತೂಕದ ಆರ್ಯಭಟ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಗಗನಕ್ಕೇರಿತು. 1979 ಮತ್ತು 1981ರಲ್ಲಿ ಹಾರಿದ ಎರಡು ಭಾಸ್ಕರ ಉಪಗ್ರಹಗಳಲ್ಲಿ ನೆಲವನ್ನು ನೋಡುವ ಕ್ಯಾಮೆರಾಗಳ ಜೊತೆಗೆ ಸಮುದ್ರವನ್ನು ಅಭ್ಯಸಿಸುವ ಮೈಕ್ರೋವೇವ್ ಉಪಕರಣವೂ ಇತ್ತು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿದ ಮೇಲೆ 22 ದಿನಗಳಿಗೊಮ್ಮೆ ಅದೇ ಜಾಗದ ಚಿತ್ರ ಮತ್ತೆ ಸಿಗತೊಡಗಿತು. ಮೊನ್ನೆ ಇದ್ದ ಕಾಡು ಇಂದು ಇದೆಯೇ ಎಂದು ಹೋಲಿಸಿ ನೋಡುವುದು ಸಾಧ್ಯವಾಯಿತು. 1999ರ ಓಶನ್‌ಸ್ಯಾಟ್ ಎರಡು ದಿನಕ್ಕೊಮ್ಮೆ ಕಡಲಿನ ಬಣ್ಣವನ್ನು ಅಳೆಯಿತು. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ ಪ್ರಮಾಣ, ನದಿ ತಂದು ಸುರಿವ ಹೂಳು ಆ ಬಣ್ಣದಿಂದ ತಿಳಿಯುತ್ತದೆ.

1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಾಗ ದೇಶದ ಕಡಲ ತೀರದ ನಕ್ಷೆಗಳನ್ನು ತಯಾರಿಸಲು ಈ ಚಿತ್ರಗಳು ನೆರವಾದವು. ಉಳ್ಳಾಲದ ಕಡಲ್ಕೊರೆತ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಂಥ ನಮ್ಮ ತೀರದ ವಿಷಯಗಳನ್ನು ಅರಿಯಲು ಉಪಗ್ರಹ ಚಿತ್ರ ಈಗ ಸಾಮಾನ್ಯ ಸಾಧನ.

ಕಂಡ ಮೇಲೆ ಮಾಡಬೇಕಾದದ್ದು

1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10,000 ಜನ ಪ್ರಾಣ ಕಳೆದುಕೊಂಡರು. 2013ರಲ್ಲಿ ಅದೇ ತೀರಕ್ಕೆ ಫೈಲಿನ್ ಚಂಡಮಾರುತ ಅಪ್ಪಳಿಸಿದಾಗ ಸಾವುಗಳು ಹತ್ತಾರರಲ್ಲಿ ನಿಂತವು. ಉಪಗ್ರಹಗಳು ಮೊದಲೇ ಕಂಡವು. ಆಡಳಿತ ಆ ಮಾಹಿತಿಯನ್ನು ನಂಬಿ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿತು. ಎರಡೂ ಸೇರಿದ್ದರಿಂದಲೇ ಜೀವಗಳು ಉಳಿದವು. ತುಂಬಾದ ಮೀನುಗಾರರು ಅಂದು ಕೊಟ್ಟ ನೆಲದ ಋಣ ಕರಾವಳಿಯ ಜನಕ್ಕೆ ಸಂದದ್ದು ಹೀಗೆ.

ನೋಡಿಯೂ ಸುಮ್ಮನಿದ್ದರೆ ಫಲವಿಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ವೈಟ್‌ಫೀಲ್ಡ್ ಬಳಿಯ ವರ್ತೂರು ಕೆರೆಯನ್ನು ಕಳೆ ಮುಚ್ಚಿದ್ದು ಆಕಾಶದಿಂದ ಸ್ಪಷ್ಟವಾಗಿಯೇ ಕಂಡಿತ್ತು. ಆದರೂ ಕೆರೆಗೆ ಕೊಳಚೆ ಹರಿಯುವುದು ನಿಲ್ಲಲಿಲ್ಲ. ಮೊದಲ ಉಪಗ್ರಹ ಹುಟ್ಟಿದ ಪೀಣ್ಯದ ಅಂತರ್ಜಲದಲ್ಲೇ ಕಾರ್ಖಾನೆಗಳ ಕ್ರೋಮಿಯಂ ಸೇರಿಕೊಂಡಿದೆ. ಅದನ್ನು ಉಪಗ್ರಹ ಕಾಣಲಾರದು. ಕೊಳವೆಬಾವಿಯ ನೀರನ್ನು ಪರೀಕ್ಷಿಸಿಯೇ ತಿಳಿಯಬೇಕು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳಲ್ಲೂ ಜೀವವಿದೆ ಎಂದು ನಂಬಿದವರು ನಾವು. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಉದ್ಯಮ ನಡೆಸುವ, ಉದ್ಯೋಗ ಮಾಡುವ ನಮ್ಮ ಸಮಾಜದ ಕುಟುಂಬಗಳು ತಮ್ಮ ಕಾರ್ಖಾನೆಯ, ತಮ್ಮ ಅಪಾರ್ಟ್‌ಮೆಂಟಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ವಿಚಾರಿಸಿದರೆ ಅದೂ ಅಹಿಂಸೆಯ ಆಚರಣೆಯೇ.

ಸಾರಾಭಾಯಿ ಅವರಿಗೆ 1966ರಲ್ಲಿ ಪದ್ಮಭೂಷಣ, ಮರಣಾನಂತರ 1972ರಲ್ಲಿ ಪದ್ಮವಿಭೂಷಣ ಸಂದಿತು. ಅವರ ಪುತ್ರ ಕಾರ್ತಿಕೇಯ ಸಾರಾಭಾಯಿ 1984ರಲ್ಲಿ ಪರಿಸರ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನೌಕೆಗೆ ವಿಕ್ರಂ ಎಂದೇ ಹೆಸರು. ಅದನ್ನು ಇಳಿಸಿದ ನಿಯಂತ್ರಣ ಕೇಂದ್ರ ಇರುವುದು ಪೀಣ್ಯದಲ್ಲಿ. ನಮ್ಮ ನೆಲ ಮತ್ತು ಕಡಲನ್ನು ಕಾಯುವ ಉಪಗ್ರಹಗಳ ಮೇಲೂ ಅಲ್ಲಿಂದಲೇ ಹಗಲಿರುಳು ನಿಗಾ ಇಡಲಾಗುತ್ತಿದೆ.